ಹುಲುಗಪ್ಪನ ಮನೆಯ ಪಟಿಕ

ಶಾಲೆಯ ಪಡಸಾಲೆಯಲ್ಲಿ, ನೀರಿನ ಹರವಿಯ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ ಇರುತ್ತಿತ್ತು. ಅದರ ಕೀಲಿ ಹದಿನಾಲ್ಕು ವರ್ಷ ನನ್ನ ಸೊಂಟದಲ್ಲಿತ್ತು. ಪೆಟ್ಟಿಗೆಯೊಳಗೆ ಬಟ್ಟೆಯ ಸಣ್ಣ ಸಣ್ಣ ಚೀಲಗಳು, ಮನೆಗೊಂದರಂತೆ. ಚೀಲದೊಳಗೆ ಆ ಮನೆಯ ಪಟಿಕದ ಚೂರು. ಮಕ್ಕಳು ಆಡುವಾಗ ಬಿದ್ದರೆ, ಸಿಬಿರು ಚುಚ್ಚಿಕೊಂಡರೆ, ಪೆನ್ಸಿಲ್ ಹೆರೆಯಲು ಹೋಗಿ ಬೆರಳು ಕೊಯ್ದುಕೊಂಡರೆ ಅವರ ಮನೆಯ ಚೂರನ್ನು ತೆಗೆದು, ನೀರಲ್ಲಿ ಅದ್ದಿ, ಗಾಯದ ಮೇಲೆ ಎಳೆಯುವುದು ನನ್ನ ಕೆಲಸ. ಕಸ ಗುಡಿಸುವುದು, ನೀರು ತುಂಬುವುದು ಇವೂ ಇದ್ದವು. ಆದರೆ ಊರಿನ ತಾಯಂದಿರು ದಾರಿಯಲ್ಲಿ ನಿಲ್ಲಿಸಿ, ‘ಸಾಂವಕ್ಕಾ, ನಮ್ಮ ಹುಡುಗನ ಕಡೆ ಲಕ್ಷ್ಯ ಇರಲಿ’ ಎಂದು ಮಾತಾಡಿಸುತ್ತಿದ್ದದ್ದು ಆ ಪೆಟ್ಟಿಗೆಯ ಸಲುವಾಗಿ.

ನಮ್ಮೂರಲ್ಲಿ ಸಣ್ಣ ಗಾಯ ತಾನಾಗಿ ಮುಚ್ಚುವುದಿಲ್ಲ. ಕೈಕಾಲು ಮುರಿದರೆ, ಆಳವಾಗಿ ಕೊಯ್ದರೆ ಡಾಕ್ಟರು ಹೊಲಿಯುತ್ತಾರೆ, ಅದು ಎಲ್ಲ ಊರಿನಂತೆ ಮಾಯುತ್ತದೆ. ತರಚು, ಗೀರು, ಚುಚ್ಚು ಮಾತ್ರ ಮನೆಯ ಪಟಿಕ ಎಳೆಯುವ ತನಕ ಹಸಿಯಾಗಿಯೇ ಇರುತ್ತವೆ. ಮತ್ತು ಒಂದು ಕಲ್ಲಿನವರಿಗೆಲ್ಲ ಒಂದೇ ಗಾಯ. ಮೊಮ್ಮಗ ಮರದಿಂದ ಜಾರಿದರೆ ಮನೆಯಲ್ಲಿ ಮಲಗಿದ ಅಜ್ಜಿಯ ಮೊಣಕೈ ತರಚುತ್ತದೆ. ಅವಳು ಎದ್ದು, ಬೈಯುತ್ತ, ಕಲ್ಲು ಹುಡುಕುತ್ತಾಳೆ. ಅದಕ್ಕೇ ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯವರ ಮೊಣಕೈ ನೋಡುತ್ತಾರೆ. ಮದುವೆಯ ಮರುದಿನ ಅತ್ತೆ ತಮ್ಮ ಮನೆಯ ಕಲ್ಲು ಎಳೆದರೆ ಹುಡುಗಿ ಆ ಮನೆಯವಳಾದಳು. ಒಂದು ಮೈ ಒಂದೇ ಸಲ ಕಲ್ಲು ಬದಲಿಸುತ್ತದೆ. ಆಮೇಲೆ ಬೇರೆ ಯಾರ ಮನೆಯದನ್ನು ಎಳೆದರೂ ಅದು ಗಾಜಿನಂತೆ ಜಾರುತ್ತದೆ, ಉರಿಯುವುದಿಲ್ಲ, ಹತ್ತುವುದಿಲ್ಲ.

ಇದೆಲ್ಲ ಗೊತ್ತಿದ್ದ ನಾನೇ ತಪ್ಪಿದೆ.

ಚೀಲಗಳನ್ನು ಒಗೆಯುವುದು ಶುಕ್ರವಾರ. ಚೂರುಗಳನ್ನು ಮೊರದಲ್ಲಿ ಸಾಲಾಗಿ ಇಟ್ಟು, ಚೀಲಗಳನ್ನು ಅದೇ ಸಾಲಿನಲ್ಲಿ ಹಗ್ಗದ ಮೇಲೆ ಒಣಗಿಸಿ, ಒಂದೊಂದಾಗಿ ತುಂಬುತ್ತಿದ್ದೆ. ಆ ಶುಕ್ರವಾರ ತಪಾಸಣೆಗೆ ಸಾಹೇಬರು ಬಂದರು. ಹೆಡ್ ಮಾಸ್ತರರು ಚಹಾ ಅಂದರು, ಕುರ್ಚಿ ಅಂದರು, ಮತ್ತೆ ಚಹಾ ಅಂದರು. ನಾನು ಮರಳಿ ಬರುವಷ್ಟರಲ್ಲಿ ಗಾಳಿಗೆ ನಾಲ್ಕಾರು ಚೀಲ ಕೆಳಗೆ ಬಿದ್ದಿದ್ದವು. ಆರಿಸಿ, ನೆನಪಿನ ಮೇಲೆ ತುಂಬಿದೆ. ಹದಿನಾಲ್ಕು ವರ್ಷದ ನೆನಪು ಎಂಬ ಧಿಮಾಕು ಒಂದಿತ್ತು.

ಸೋಮವಾರ ಮೂರನೆಯ ತರಗತಿಯ ಹುಡುಗಿಯರು ಕುಂಟಾಟ ಆಡುವಾಗ ವೈಜಯಂತಿ ಬಿದ್ದಳು. ಅವಳು ಕುಮುದಿನಿ ಅಕ್ಕೋರ ಮಗಳು, ಎಂಟು ವರ್ಷ, ಒಬ್ಬಳೇ ಮಗಳು. ಅಕ್ಕೋರು ಅದೇ ಮೂರನೆಯ ತರಗತಿಗೆ ಕಲಿಸುವವರು; ಗಂಡ ಕಚೇರಿಯಲ್ಲಿ ದಾಖಲೆ ಬರೆಯುವವರು. ಮೂವರದೂ ಗಾಯ ಕಾಣದ ಮೈ. ಅಕ್ಕೋರು ತಮ್ಮ ಮೊಣಕಾಲು ಹಿಡಿದುಕೊಂಡು ಕಿಟಕಿಗೆ ಬಂದರು. “ಸಾಂವಕ್ಕಾ, ನಮ್ಮಾಕಿ ಬಿದ್ದಾಳ ನೋಡು. ಕಲ್ಲು ಎಳಿ. ನಾ ನನ್ನದು ಮನೀಗೆ ಹೋಗಿ ಎಳಕೋತೀನಿ.”

ಅವರ ನೀಲಿ ರೇಷ್ಮೆ ಚೀಲ ಬಿಚ್ಚಿ, ಚೂರು ಅದ್ದಿ, ಎಳೆದೆ. ವೈಜಯಂತಿ ಹಲ್ಲು ಕಚ್ಚಿ ಕಾಲು ಎಳೆದುಕೊಂಡಳು. “ಇವತ್ತ ಭಾಳ ಉರೀತದ ಸಾಂವಕ್ಕಾ.”

“ಬಿದ್ದದ್ದೂ ಹಂಗ ಬಿದ್ದೀಯಲ್ಲ,” ಅಂದೆ. ಅಷ್ಟೇ.

ಮರುದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅದೇ ತರಗತಿಯ ಗಾಳೆಮ್ಮ ಹೊರಗೆ ಬಂದಳು. ಅವಳು ಬರುವುದು ದಿನದ ಮಾತು; ಶನಿವಾರ, ಸೋಮವಾರ ಮಾತ್ರ ಶಾಲೆಗೇ ಬಂದಿರಲಿಲ್ಲ. ಅವಳ ಅಪ್ಪ ಹುಲುಗಪ್ಪ ಊರಾಚೆ ಕಲ್ಲು ಕಡಿಯುವವನು. ಅವನೂ ಅವನ ತಮ್ಮನೂ ಉಳಿ ಹಿಡಿದರೆ ಗಾಳೆಮ್ಮನ ಬೆರಳಲ್ಲಿ ನೆತ್ತರು ಚಿಮ್ಮುತ್ತಿತ್ತು. ಪಾಟಿಯ ಮೇಲೆ ಕೆಂಪು ಕಲೆ ಬಿದ್ದರೆ ಅಕ್ಕೋರು, “ಒರಸ್ಕೊಂಡು ಬಾ” ಎಂದು ಹೊರಗೆ ಕಳಿಸುತ್ತಿದ್ದರು. ಅವಳು ನನ್ನ ಮುಂದೆ ಕೈ ಚಾಚಿ, ಎತ್ತಲೋ ನೋಡುತ್ತ ನಿಲ್ಲುವಳು.

ಅವಳ ಗೋಣಿತಾಟಿನ ಚೀಲ ಬಿಚ್ಚಿದೆ. ಒಳಗಿದ್ದ ಚೂರು ತಿಳಿನೀರಿನಂತೆ ಸ್ವಚ್ಛವಾಗಿತ್ತು. ಹುಲುಗಪ್ಪನ ಮನೆಯದರಲ್ಲಿ ಕೂದಲೆಳೆಯಷ್ಟು ಕೆಂಪು ಗೀರು ಒಂದಿರುತ್ತದೆ. ಅದು ನನಗೆ ನನ್ನ ಅಂಗೈಯಷ್ಟೇ ಪರಿಚಯ. ನೀಲಿ ಚೀಲ ಬಿಚ್ಚಿದೆ. ಕೆಂಪು ಗೀರು ಅಲ್ಲಿತ್ತು.

“ಎಳಿಯಬೇ,” ಅಂದಳು ಗಾಳೆಮ್ಮ.

ಚೂರುಗಳನ್ನು ಅದಲುಬದಲು ಮಾಡಿ, ಸರಿಯಾದದ್ದನ್ನು ಅವಳ ಹೆಬ್ಬೆರಳಿಗೂ ತೋರುಬೆರಳಿಗೂ ಎಳೆದೆ. ಎಳೆಯುತ್ತ ಕತ್ತೆತ್ತಿ ತರಗತಿಯ ಬಾಗಿಲ ಕಡೆ ನೋಡಿದೆ. ಎರಡನೆಯ ಸಾಲಿನಲ್ಲಿ ವೈಜಯಂತಿ ತನ್ನ ಎಡಗೈ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಆಮೇಲೆ ತೆಗೆದು, ಸೋಜಿಗದಿಂದ ನೋಡಿದಳು. ಆಮೇಲೆ ತೋರುಬೆರಳನ್ನು ಇಟ್ಟುಕೊಂಡಳು.

ಒಂದೇ ಸಲ ಎಳೆದದ್ದು, ಪೂರ್ತಿ ಹತ್ತಿರಲಿಕ್ಕಿಲ್ಲ, ಎರಡು ದಿನಕ್ಕೆ ಬಿಟ್ಟೀತು ಎಂದು ಮನಸ್ಸಿಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುವಾಗಲೇ ಸುಳ್ಳೆಂದು ಗೊತ್ತಿತ್ತು.

ಎರಡು ದಿನಕ್ಕೆ ಬಿಡಲಿಲ್ಲ. ನಾಲ್ಕನೆಯ ದಿನ ಶಾಲೆ ಬಿಟ್ಟ ಮೇಲೆ ಅಕ್ಕೋರು ಮಗಳನ್ನು ಕೈಹಿಡಿದು ಕರೆತಂದರು. ಹುಡುಗಿಯ ಎಡಗೈ ಬೆರಳುಗಳ ತುಂಬ ಬಾಯಿ ತೆರೆದ ಸಣ್ಣ ಗೀರುಗಳು. ಅಕ್ಕೋರ ಕೈ ಎಂದಿನಂತೆ ನುಣ್ಣಗಿತ್ತು.

“ನಮ್ಮ ಕಲ್ಲು ಜಾರ್ತದ ಸಾಂವಕ್ಕಾ. ಈಕಿಗೆ ಗಾಯ ಆದ್ರ ನನಗ ಆಗವಲ್ದು. ಸೋಮವಾರ ನೀ ನಮ್ಮ ಚೀಲದ್ದ ಎಳದೀಯಲ್ಲ?”

ಅವರು ಅನುಮಾನದಿಂದ ಕೇಳಿದ್ದರೆ ಬಹುಶಃ ನಿಜ ಹೇಳಿಬಿಡುತ್ತಿದ್ದೆ. ನನ್ನ ಮೇಲೆ ನಂಬಿಕೆ ಇಟ್ಟು ಕೇಳಿದರು.

“ಹೌದ್ರಿ ಅಕ್ಕೋರ. ನಿಮ್ಮ ಚೀಲದ್ದ ಎಳದೀನ್ರಿ.”

ಚೀಲ ಅವರದೇ. ಆ ಮಾತಿನಲ್ಲಿ ಸುಳ್ಳೇ ಇಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಅಕ್ಕೋರು ಗಾಬರಿಯಾದರು. ಗೀರುಗಳಿಗೆ ಕೆಮ್ಮಣ್ಣು ಅರೆದು ಹಚ್ಚಿದರು. ಸುಣ್ಣ ಅರಿಸಿನ ಕಲಸಿ ಹಚ್ಚಿದರು. ಯಾರೋ ಗಂಧಕದ ಪುಡಿ ಅಂದರು, ಅದನ್ನೂ ಎಣ್ಣೆಯಲ್ಲಿ ಕಲಸಿ ಹಚ್ಚಿದರು. ಹುಡುಗಿ ಕೆಂಪು, ಹಳದಿ ಕೈ ಮಾಡಿಕೊಂಡು ಶಾಲೆಗೆ ಬರುವಳು, ಪೆನ್ಸಿಲ್ ಹಿಡಿಯಲು ಬಾರದೆ ಕೂರುವಳು. ಕೆಮ್ಮಣ್ಣು ಕುರುವಿಗೆ ಆಗುತ್ತದೆ, ಗಂಧಕ ತುರಿಕೆಗೆ ಆಗುತ್ತದೆ. ಈ ಊರಲ್ಲಿ ಗೀರಿಗೆ ಪಟಿಕ ಒಂದೇ. ಮತ್ತು ಅವಳಿಗೆ ಹತ್ತುವ ಪಟಿಕ ನನ್ನ ಪೆಟ್ಟಿಗೆಯಲ್ಲಿ ಗೋಣಿತಾಟಿನ ಚೀಲದಲ್ಲಿತ್ತು.

ನೋಡಲಾಗದೆ ಒಂದು ದಿನ ಊಟದ ಬಿಡುವಿನಲ್ಲಿ ಅವಳನ್ನು ಹಿತ್ತಿಲ ನೀರಿನ ತೊಟ್ಟಿಯ ಮರೆಗೆ ಕರೆದೆ. ಕೈ ತೊಳೆದು ಚೂರು ಎಳೆದೆ. ಗೀರುಗಳು ಒಂದೊಂದಾಗಿ ಮುಚ್ಚಿದವು.

“ಇದು ಯಾವ ಕಲ್ಲು?” ಅಂದಳು.

“ಒಳ್ಳೇ ಕಲ್ಲು. ಯಾರಿಗೂ ಹೇಳಬ್ಯಾಡ. ಹೇಳಿದ್ರ ಹತ್ತೂದಿಲ್ಲ.”

“ಅವ್ವಗೂ?”

“ಅವ್ವಗೂ.”

ಅವಳು ಗೋಣು ಹಾಕಿದಳು. ಅಂದಿನಿಂದ ದಿನಾ ಬಿಡುವಿನಲ್ಲಿ ತಾನಾಗಿಯೇ ತೊಟ್ಟಿಯ ಹಿಂದೆ ಬಂದು ನಿಲ್ಲತೊಡಗಿದಳು. ನಾನು ಅತ್ತಿತ್ತ ನೋಡಿ ಹೋಗುವೆ. ಎಳೆಯುವಾಗ ಎಲೆ ಅಲ್ಲಾಡಿದರೂ ಚೂರನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವೆ.

ಗಾಯವೇ ಆಗದಂತೆ ಮಾಡಿದರೆ ಎಂದು ಹುಲುಗಪ್ಪನಲ್ಲಿಗೂ ಹೋದೆ. ಬೀಸುಕಲ್ಲು ಸವೆದಿದೆ, ಉಳಿ ಹೊಡೆದುಕೊಡು ಎಂಬ ನೆವ. ಅವನು ಕೆರೆಯ ಮೆಟ್ಟಿಲಿಗೆ ಚಪ್ಪಡಿ ಕಡಿಯುತ್ತಿದ್ದ. ಬಲಗೈಯ ಸುತ್ತಿಗೆ ಬಿದ್ದಾಗಲೆಲ್ಲ ಉಳಿ ಹಿಡಿದ ಎಡಗೈಗೆ ಚಕ್ಕೆ ಸಿಡಿಯುತ್ತಿತ್ತು. ಅವನು ಅದನ್ನು ನೊಣ ಕೂತಷ್ಟೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದೊಂದು ಚಕ್ಕೆಗೂ ನಾನು ಬೆಚ್ಚಿ ಬೀಳುತ್ತಿದ್ದೆ.

“ಹುಷಾರು ತಮ್ಮಾ, ಬಟ್ಟಿಗೆ ಅರಿವಿ ಸುತ್ತಿಕೊಂಡ್ರ ಆಗೂದಿಲ್ಲೇನು?” ಎಂದು ಅವನ ಬೆರಳು ತೋರಿಸಿದೆ.

ಅವನು ನಕ್ಕ. “ಅರಿವಿ ಸುತ್ತಿದ್ರ ಉಳಿ ಮಾತು ತಿಳಿಯಂಗಿಲ್ಲ ಯಕ್ಕಾ. ಬಟ್ಟ ಹೇಳಬೇಕು ಕಲ್ಲು ಎಲ್ಲಿ ಒಡೀತೈತಿ ಅಂತ.”

ಅವನ ಹೆಂಡತಿ ಲಚಮವ್ವ ಗುಡಿಸಲ ಬಾಗಿಲಲ್ಲಿ ಕೂಸಿಗೆ ಹಾಲು ಕುಡಿಸುತ್ತ ನನ್ನನ್ನೇ ನೋಡುತ್ತಿದ್ದಳು. ಆರು ತಿಂಗಳ ಕೂಸಿನ ಎಡಗೈ ಬೆರಳಲ್ಲಿ ಕೆಂಪು ಎದ್ದಿತು. ಲಚಮವ್ವ ಅದರ ಕೈಯನ್ನು ಪಟಿಕಕ್ಕೆ ಸವರಿ, ತನ್ನದನ್ನೂ ಸವರಿಕೊಂಡು, ಮತ್ತೆ ಹಾಲು ಕುಡಿಸಿದಳು. ಕೂಸು ಅಳಲೂ ಇಲ್ಲ. ಎಲ್ಲವೂ ಬೆವರು ಒರೆಸಿಕೊಂಡಷ್ಟು ಸಲೀಸಾಗಿ ನಡೆಯಿತು. ಬೀಸುಕಲ್ಲು ಹೊತ್ತುಕೊಂಡು ಮರಳಿದೆ. ಅಂದು ಹದಿನೇಳು ಗೀರು ಎಣಿಸಿದ್ದೆ.

ಅಕ್ಕೋರು ದಡ್ಡರಲ್ಲ. ಮನೆಯಲ್ಲಿ ಮುಚ್ಚದ ಗೀರು ಶಾಲೆಯಿಂದ ಬರುವಷ್ಟರಲ್ಲಿ ಮುಚ್ಚಿರುವುದನ್ನು ಕಂಡರು. ಯಾರೋ ಕಲ್ಲು ಎಳೆಯುತ್ತಿದ್ದಾರೆ ಎಂದಾಯಿತು. ಗೆಳತಿಯರು ಆಣೆ ಮಾಡಿ ಒಬ್ಬರ ಮನೆಯ ಕಲ್ಲನ್ನು ಒಬ್ಬರು ಎಳೆದುಕೊಳ್ಳುವ ಹುಚ್ಚಾಟ ಹುಡುಗಿಯರಲ್ಲಿ ಆಗೊಮ್ಮೆ ಈಗೊಮ್ಮೆ ನಡೆಯುವುದುಂಟು. ಅವರ ಮನಸ್ಸು ಅಲ್ಲಿಗೆ ಹೋಯಿತು.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ನಾನು ಪಡಸಾಲೆ ಗುಡಿಸುತ್ತಿದ್ದೆ. ಮೂರನೆಯ ತರಗತಿಯಿಂದ ಅಕ್ಕೋರ ದನಿ ಕೇಳಿತು. “ಯಾರ ಮನೀ ಕಲ್ಲು ಎಳಕೊಂಡಿ? ಹೆಸರು ಹೇಳು.” ಕಟ್ಟಿಗೆಯ ಪಟ್ಟಿ ಅಂಗಾಲಿಗೆ ಬಿದ್ದ ಸದ್ದು. “ಹೇಳು. ನಿನ್ನ ಜಲ್ಮ ಪೂರ್ತಿ ಹಿಂಗ ಇರಬೇಕೇನು? ನಾಳೆ ಬ್ಯಾನಿ ಬಂದ್ರ ನನಗ ಹೆಂಗ ಗೊತ್ತಾಗಬೇಕು?” ಮತ್ತೊಂದು ಸದ್ದು. ಅಕ್ಕೋರು ಹೊಡೆಯುವಾಗ ತಾವೇ ಅಳುತ್ತಿದ್ದರು.

ನಾನು ಬಾಗಿಲಲ್ಲಿ ನಿಂತೆ. ವೈಜಯಂತಿ ನನ್ನನ್ನು ಕಂಡಳು. ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿ, ನನ್ನ ಬಾಯಿಂದ ಬರುವುದು ತಪ್ಪಲಿ ಎಂದೂ ಅಂದುಕೊಂಡೆ. ಅವಳು ನನ್ನಿಂದ ಕಣ್ಣು ಕಿತ್ತು ತಾಯಿಯ ಕಡೆ ತಿರುಗಿ, “ನಾನ ಎಳಕೊಂಡೆ. ಒಂದು ಚೂರು ಸಿಕ್ಕಿತ್ತು. ಯಾರದಂತ ಗೊತ್ತಿಲ್ಲ,” ಅಂದಳು.

ಎಂಟು ವರ್ಷದ ಹುಡುಗಿ ನನಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದಳು. ಪಟ್ಟಿ ಮತ್ತೆ ಮೇಲೆದ್ದಿತು.

“ಅಕ್ಕೋರ, ಕೂಸಿಗೆ ಹೊಡೀಬ್ಯಾಡ್ರಿ. ಎಳದಾಕಿ ನಾನು.”

ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಇದೂ ಮಗುವನ್ನು ಬಿಡಿಸಲು ಹೇಳಿದ ಮಾತು ಎಂಬಂತೆ ನೋಡಿದರು. ನಾನು ಶುಕ್ರವಾರದ ಚೀಲದಿಂದ ಹಿಡಿದು ತೊಟ್ಟಿಯ ಮರೆಯ ತನಕ ಎಲ್ಲವನ್ನೂ ಹೇಳಿದೆ.

“ಯಾರ ಮನೀದು?”

“ಹುಲುಗಪ್ಪಂದ್ರಿ. ಗಾಳೆಮ್ಮನ ಚೀಲದ್ದು.”

“ಇಪ್ಪತ್ತೆರಡು ದಿನ ಆತು,” ಅಂದರು ಅಕ್ಕೋರು. ದನಿ ಏರಲಿಲ್ಲ. “ಇಪ್ಪತ್ತೆರಡು ದಿನ ನೀ ನನ್ನ ಮಾರಿ ನೋಡಿಕೋತ ತಿರಗ್ಯಾಡಿದಿ.” ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಮಗಳ ಕಾಲು ಸವರಿ, ಚಪ್ಪಲಿ ತೊಡಿಸಿ, ಕೈ ಹಿಡಿದು ಹೊರಟರು. ನನ್ನನ್ನು ಬಾ ಎನ್ನಲಿಲ್ಲ. ನಾನು ಹಿಂದೆ ನಡೆದೆ.

ಬಿಸಿಲು ಇನ್ನೂ ಇತ್ತು. ಕಲ್ಲಿನ ಬಯಲಲ್ಲಿ ಅಣ್ಣತಮ್ಮಂದಿರು ಕೆಲಸದಲ್ಲಿದ್ದರು. ಅಕ್ಕೋರನ್ನು ಕಂಡು ಹುಲುಗಪ್ಪ ಎದ್ದು ತಲೆಯ ರುಮಾಲು ತೆಗೆದ. ಗಾಳೆಮ್ಮ ಏನೋ ತಪ್ಪಾಗಿದೆ ಎಂದುಕೊಂಡು ಅವ್ವನ ಹಿಂದೆ ಸರಿದಳು. ಅಕ್ಕೋರು ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿ, ವೈಜಯಂತಿಯ ಕೈಯನ್ನು ಅವರ ಮುಂದೆ ಹಿಡಿದರು. “ನೋಡ್ರಿ, ನಿಮ್ಮ ಕಲ್ಲಿಂದ ನನ್ನ ಮಗಳ ಕೈ ಹೆಂಗಾಗ್ಯಾವ.”

ಹುಲುಗಪ್ಪ ತನ್ನ ಎಡಗೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ.

ಲಚಮವ್ವ ಮಾತ್ರ ಕದಲಲಿಲ್ಲ. “ಇವೇನು ಗಾಯೇನ್ರಿ ಅಕ್ಕೋರ? ನಮ್ಮ ಮನ್ಯಾಗ ಇದು ದಿನಾ ಇದ್ದದ್ದು. ನನ್ನ ಮಗಳು ಮೂರು ವರ್ಷ ನಿಮ್ಮ ಸಾಲ್ಯಾಗ ಕುಂತಾಳ. ಆಕಿ ಬಟ್ಟು ಒಂದಿನ ನೋಡೀರೇನು?”

ಲಚಮವ್ವ ಗಾಳೆಮ್ಮನನ್ನು ಮುಂದಕ್ಕೆ ಎಳೆದು, ಅವಳ ಎಡಗೈಯನ್ನು ವೈಜಯಂತಿಯ ಕೈಯ ಪಕ್ಕಕ್ಕೆ ಹಿಡಿದಳು. ಒಂದು ಬೆಳ್ಳಗಿನ ಕೈ, ಒಂದು ಕಪ್ಪು ಕೈ. ಹೆಬ್ಬೆರಳ ಬುಡದಲ್ಲಿ ಅಡ್ಡ ಗೀರು, ಇಲ್ಲೂ ಅಲ್ಲೂ. ತೋರುಬೆರಳ ಗಿಣ್ಣಿನ ಮೇಲೆ ಎರಡು, ಇಲ್ಲೂ ಅಲ್ಲೂ. ಗಾಳೆಮ್ಮನ ಕೈಯಲ್ಲಿ ಅವುಗಳ ಕೆಳಗೆ ಹಳೆಯ ಗೀರಿನ ಬಿಳಿ ಗೆರೆಗಳು ಒಂದರ ಮೇಲೊಂದು ಬಲೆ ಹಾಕಿದ್ದವು.

ಅಕ್ಕೋರು ಆ ಕೈಯನ್ನು ಬಹಳ ಹೊತ್ತು ನೋಡಿದರು. “ಭಾಳ ಉರೀತಾವೇನವ್ವಾ?” ಎಂದು ಕೇಳಿದರು.

“ರೂಢಿ ಐತ್ರಿ,” ಅಂದಳು ಗಾಳೆಮ್ಮ. ಅಕ್ಕೋರು ತನ್ನನ್ನು ಇಷ್ಟು ಹತ್ತಿರದಿಂದ ನೋಡುತ್ತಿರುವುದೇ ಅವಳಿಗೆ ಗಾಬರಿ.

ಹುಲುಗಪ್ಪ ಕೆಮ್ಮಿದ. “ಕಲ್ಲು ಕರಗಿಸೂಣು ಬಿಡ್ರಿ. ಕರಗಿಸಿದ್ರ ಕೂಸು ಬಿಡುಗಡಿ ಆಕ್ಕೈತಿ.”

ಅದು ನಮಗೆಲ್ಲ ಗೊತ್ತಿದ್ದ ಒಂದೇ ದಾರಿ. ಮನೆಯ ಕಲ್ಲು ಪೂರ್ತಿ ನೀರಾಗಿ ಹೋದರೆ ಆ ಕಲ್ಲಿನವರೆಲ್ಲ ಹುಟ್ಟಿದ ಕೂಸಿನ ಹಾಗೆ. ಯಾವ ಕಲ್ಲಾದರೂ ಹತ್ತುತ್ತದೆ. ಆದರೆ ಹೊಸ ಕಲ್ಲು ಬೇಕೆಂದಾಗ ಸಿಗುವುದಿಲ್ಲ. ಮಳೆ ನಿಂತು, ನೆಲ ಆರಿ, ಗುಡ್ಡದ ಸಂದಿಯಲ್ಲಿ ಪಟಿಕ ಹೂ ಬಿಟ್ಟಾಗ ವರ್ಷಕ್ಕೊಮ್ಮೆ ಸಿಗುವುದು. ಅದಕ್ಕೆ ಇನ್ನೂ ಏಳೆಂಟು ವಾರ ಇತ್ತು.

ಲಚಮವ್ವ ಒಳಗೆ ಹೋಗಿ ಕಲ್ಲು ತಂದಳು. ಮುಷ್ಟಿ ಗಾತ್ರದ್ದು, ಸವೆದು ದುಂಡಗಾದದ್ದು. ಒಂದು ಕಡೆ ಹೆಬ್ಬೆರಳು ಕೂರುವಂಥ ತಗ್ಗು. “ಇದು ನಮ್ಮತ್ತಿ ಹೆಬ್ಬಟ್ಟು. ನಲವತ್ತು ವರ್ಷ ಹಿಡದು ಹಿಡದು ತಗ್ಗು ಬಿದ್ದೈತಿ. ನನಗ ಈ ಮನೀಗೆ ಕರಕೊಂಡದ್ದು ಇದ ಕಲ್ಲು. ಇದನ್ನ ನೀರಿಗೆ ಹಾಕಿ, ಎಂಟು ವಾರ ಈ ಕೂಸಿನ ಕೈ ಹಸೀ ಬಿಟಗೊಂಡು ನಾ ಹೆಂಗ ಕುಂದರ್ಲಿ? ನಿಮ್ಮ ಮಗಳ ಸಲುವಾಗಿ?”

ಹುಲುಗಪ್ಪ ನೆಲ ನೋಡಿದ. ವೈಜಯಂತಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿದಳು. ಅಕ್ಕೋರು ಕರಗಿಸಿ ಎಂದು ಕೈ ಮುಗಿದಾರು, ಅಥವಾ ಸಿಟ್ಟಾದಾರು ಎಂದುಕೊಂಡೆ. ಅವರು ಲಚಮವ್ವನ ಸೊಂಟದ ಮೇಲಿದ್ದ ಕೂಸಿನ ಬೆರಳನ್ನು ತಮ್ಮ ಬೆರಳಿಂದ ಮುಟ್ಟಿದರು.

“ಬ್ಯಾಡ,” ಅಂದರು. “ಗುಡ್ಡ ಕೊಡೋ ತನಕ ಬ್ಯಾಡ. ಅಲ್ಲೀತನ ನನ್ನ ಮಗಳಿಗೂ ನಿಮ್ಮ ಕಲ್ಲು ಎಳೀರಿ. ದಿನಾ ಕರಕೊಂಡು ಬರ್ತೀನಿ.”

ಮರುದಿನ ಹೆಡ್ ಮಾಸ್ತರರು ಪೆಟ್ಟಿಗೆಯ ಕೀಲಿ ಇಸಿದುಕೊಂಡರು. ಕಸ, ನೀರು ನನಗೆ ಉಳಿದವು. ದಾರಿಯಲ್ಲಿ ತಾಯಂದಿರು ನನ್ನನ್ನು ನೋಡಿ ಮಕ್ಕಳ ಕೈ ಹಿಡಿದು ಆಚೆ ಬದಿಗೆ ಹೋಗುತ್ತಿದ್ದರು. ನಾನು ಅವರ ಜಾಗದಲ್ಲಿದ್ದರೂ ಹಾಗೆಯೇ ಮಾಡುತ್ತಿದ್ದೆ. ಕೀಲಿ ಇಲ್ಲದ ಸೊಂಟವನ್ನು ಆಗಾಗ ಮುಟ್ಟಿ ನೋಡಿಕೊಂಡು ಬೆಚ್ಚುತ್ತಿದ್ದೆ.

ಸುಮ್ಮನೆ ಕೂರಲಾಗಲಿಲ್ಲ. ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬುಗಳನ್ನು ಕೇಳಿ ತಂದು, ಸಣ್ಣಗೆ ಕತ್ತರಿಸಿ, ಬೆರಳಿಗೆ ಹಾಕುವ ಟೊಪ್ಪಿಗೆ ಹೊಲಿದೆ. ಮೊದಲನೆಯವು ದಪ್ಪವಾದವು, ಉಳಿಯ ಮಾತು ತಿಳಿಯಲಿಲ್ಲ ಎಂದು ಹುಲುಗಪ್ಪ ತೆಗೆದಿಟ್ಟ. ತುದಿ ಬಿಟ್ಟು ಗಿಣ್ಣಷ್ಟೇ ಮುಚ್ಚುವ ಹಾಗೆ ಮತ್ತೆ ಹೊಲಿದೆ. ನಾಲ್ಕನೆಯ ಸಲಕ್ಕೆ ಅವನು ತಲೆ ಆಡಿಸಿ ಕೆಲಸಕ್ಕೆ ಕುಳಿತ. ಅಂದು ಹದಿನೇಳರ ಬದಲು ಐದು ಗೀರು. ಅವನ ತಮ್ಮನೂ ತನಗೊಂದು ಜೊತೆ ಕೇಳಿದ. ಕೆಲಸ ಮಾತ್ರ ನಿಧಾನವಾಯಿತು. ಕೆರೆಯ ಮೇಸ್ತ್ರಿ ದಿನಾ ಬಂದು ಕೂಗಾಡಿ ಹೋಗುತ್ತಿದ್ದ.

ಅಕ್ಕೋರು ಸಂಜೆ ಮಗಳನ್ನು ಕರೆದುಕೊಂಡು ಬಂದು, ಒಂದು ಚಪ್ಪಡಿಯ ಮೇಲೆ ಕೂತು ಪುಸ್ತಕ ತಿದ್ದುತ್ತಿದ್ದರು. ಲಚಮವ್ವ ಎಲ್ಲರ ಕೈ ಸಾಲಾಗಿ ಹಿಡಿಸಿ ಕಲ್ಲು ಎಳೆಯುವಳು. ವೈಜಯಂತಿ ಆ ಸಾಲಿನಲ್ಲಿ ಗಾಳೆಮ್ಮನ ಪಕ್ಕ. ಅಕ್ಕೋರು ಆಗಾಗ ತಮ್ಮ ನುಣ್ಣಗಿನ ಬೆರಳುಗಳನ್ನು ನೋಡಿಕೊಳ್ಳುವುದು ನನಗೆ ಕಾಣುತ್ತಿತ್ತು. ನನ್ನ ಜೊತೆ ಅವರು ಮಾತಾಡುತ್ತಿರಲಿಲ್ಲ.

ಆ ವರ್ಷ ಮಳೆ ಬಿಡಲೇ ಇಲ್ಲ. ಎಂಟು ವಾರ ಕಳೆದು ಒಂಬತ್ತಾಯಿತು. ದಿನಾ ಬೆಳಿಗ್ಗೆ ಎದ್ದವಳೇ ಗುಡ್ಡದ ಕಡೆ ನೋಡುವೆ. ಅದು ಒದ್ದೆ ಕಂಬಳಿ ಹೊದ್ದಂತೆ ಕಪ್ಪಗೆ ಇರುತ್ತಿತ್ತು. ಕೊಡದೇ ಹೋದ ವರ್ಷಗಳೂ ಇದ್ದವು ಎಂದು ಮುದುಕರು ಹೇಳುತ್ತಿದ್ದರು. ಹತ್ತನೆಯ ವಾರ ಒಣಗಾಳಿ ಬೀಸಿತು. ಮೂರು ದಿನಕ್ಕೆ ಸಂದಿಗಳಲ್ಲಿ ಬೆಳ್ಳಗೆ ಕಂಡಿತು. ಹುಲುಗಪ್ಪ ಹೋಗಿ ಹೊಸ ಕಲ್ಲು ಒಡೆದು ತಂದ. ಚೂಪು ಅಂಚಿನದು, ಕೈಗೆ ಒಗ್ಗದ್ದು.

ಭಾನುವಾರ ಅಂಗಳದಲ್ಲಿ ಹಂಡೆ ನೀರು ಕಾಯಿಸಿದರು. ಅಕ್ಕೋರ ಗಂಡನೂ ಬಂದಿದ್ದರು, ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ. ಶಾಲೆಯ ಪೆಟ್ಟಿಗೆಯಲ್ಲಿದ್ದ ಕೆಂಪು ಗೀರಿನ ಚೂರನ್ನು ಮೊದಲು ಹಾಕಿದರು. ಆಮೇಲೆ ಲಚಮವ್ವ ಹಳೆಯ ಕಲ್ಲು ತಂದಳು. ಯಾರೂ ಅವಸರ ಮಾಡಲಿಲ್ಲ. ಅವಳು ತಗ್ಗಿನಲ್ಲಿ ತನ್ನ ಹೆಬ್ಬೆರಳು ಇಟ್ಟು ಸ್ವಲ್ಪ ಹೊತ್ತು ನಿಂತು, ಬಿಸಿನೀರಿಗೆ ಬಿಟ್ಟಳು. ಕಲ್ಲು ತಳದಲ್ಲಿ ತಿರುಗುತ್ತ ಸಣ್ಣಗಾಯಿತು. ಲಚಮವ್ವ ಕಟ್ಟಿಗೆಯಿಂದ ತಿರುವುತ್ತ, “ಹೋತು ನೋಡ್ರಿ,” ಅಂದಳು. ಮುಖ ಹಂಡೆಯ ಹಬೆಯಲ್ಲಿತ್ತು.

ಅಕ್ಕೋರು ತಮ್ಮ ಮನೆಯ ಕಲ್ಲು ಅದ್ದಿ, ಮಗಳ ಬೆರಳ ಮೇಲೆ ಉಳಿದಿದ್ದ ಒಂದೇ ಹಸಿ ಗೀರಿಗೆ ಎಳೆದರು. ಮೊದಲ ಸಲ ಕಲ್ಲು ಪಕ್ಕಕ್ಕೆ ಹೋಯಿತು. ಎರಡನೆಯ ಸಲ ವೈಜಯಂತಿ, “ಅವ್ವಾ, ಉರೀತದ!” ಎಂದು ಚೀರಿದಳು. ಅಕ್ಕೋರು ಅವಳನ್ನು ಎದೆಗೆ ಅವಚಿಕೊಂಡು ಆ ಕಲ್ಲುಪುಡಿಯಲ್ಲೇ ಕೂತುಬಿಟ್ಟರು.

ಲಚಮವ್ವ ಹೊಸ ಕಲ್ಲಿನಿಂದ ಮನೆಯವರಿಗೆಲ್ಲ ಎಳೆದಳು. ಕೂಸಿಗೆ, ಗಾಳೆಮ್ಮನಿಗೆ, ಗಂಡನಿಗೆ, ಮೈದುನನಿಗೆ, ಕೊನೆಗೆ ತನಗೆ. ನಾನು ಹಂಡೆಯ ನೀರು ಚೆಲ್ಲಿ, ತೊಳೆದು, ಬೋರಲು ಹಾಕಿ ಹೊರಟಿದ್ದೆ.

“ಯಕ್ಕಾ, ನಿಲ್ಲು. ಬಟ್ಟಿಗೆ ಏನಾಗೇತಿ?”

ಬೆಳಿಗ್ಗೆ ಟ್ಯೂಬು ಹೊಲಿಯುವಾಗ ದಬ್ಬಣ ಚುಚ್ಚಿತ್ತು. “ಏನಿಲ್ಲ ತಗೋ. ಮನೀಗೆ ಹೋಗಿ ನನ್ನ ಕಲ್ಲು ಎಳಕೋತೀನಿ.”

“ನಿನ್ನ ಮನೀ ಕಲ್ಲಿನವರು ಯಾರ ಅದಾರ ಈಗ?”

ನಾನು ಮದುವೆಯಾದವಳಲ್ಲ. ಅಣ್ಣ ಹೋಗಿ ಒಂಬತ್ತು ವರ್ಷ. ಅಂದಿನಿಂದ ನನಗಾದ ಗಾಯ ನನ್ನ ಒಬ್ಬಳದೇ. “ನಾ ಒಬ್ಬಾಕಿನ,” ಅಂದೆ.

“ಕೈ ತಾ.”

ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. “ಬ್ಯಾಡ ಲಚಮವ್ವ. ಒಮ್ಮೆ ಎಳದ್ರ ತಿರುಗಿ ಬರೂದಿಲ್ಲ. ವಿಚಾರ ಮಾಡು.”

“ನೀ ತಪ್ಪಿ ಎಳದಿ,” ಅಂದಳು ಅವಳು. “ನಾ ತಿಳದ ಎಳೀತೀನಿ. ತಾ ಅಂದೆ.”

ಚಪ್ಪಡಿಯ ಹತ್ತಿರದಿಂದ ಅಕ್ಕೋರು ತಲೆಯೆತ್ತಿ ನಮ್ಮ ಕಡೆ ನೋಡುತ್ತಿದ್ದರು. ನಾನು ಕೈ ಚಾಚಿದೆ. ಹೊಸ ಕಲ್ಲಿನ ಅಂಚು ಕೊರೆದಂತೆ ಹಾಯಿತು. ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು.

ಎರಡು ದಿನ ಬೆರಳಿಗೆ ಹುಲುಗಪ್ಪನ ಉಳಿಯ ಗೀರುಗಳಷ್ಟೇ ಬಂದವು. ಮೂರನೆಯ ದಿನ ಮಧ್ಯಾಹ್ನ ಪಡಸಾಲೆ ಗುಡಿಸುತ್ತಿದ್ದೆ. ಬಲಗಾಲ ಹಿಮ್ಮಡಿ ಚುರ್ ಎಂದಿತು. ಬಗ್ಗಿ ನೋಡಿದರೆ ನೆತ್ತರು. ಬೆರಳಾಗಿದ್ದರೆ ಹುಲುಗಪ್ಪನ ಉಳಿ ಎನ್ನಬಹುದಿತ್ತು, ಇದು ಹಿಮ್ಮಡಿ. ಗಾಳೆಮ್ಮ ಒಳಗೆ ತರಗತಿಯಲ್ಲಿ ಪಾಠ ಓದುತ್ತಿದ್ದಳು, ಅವಳೂ ನಿಲ್ಲಿಸಿ ಕಾಲು ನೋಡಿಕೊಂಡಳು. ಅಂದರೆ ಅವಳದಲ್ಲ. ಲಚಮವ್ವನೋ, ಮೈದುನನೋ, ಈಗಷ್ಟೇ ಅಂಬೆಗಾಲಿಡುತ್ತಿದ್ದ ಕೂಸೋ, ಯಾರದೆಂದು ತಿಳಿಯಲಿಲ್ಲ. ಕಸಬರಿಗೆಯನ್ನು ಅಲ್ಲೇ ಬಿಟ್ಟು ಕಲ್ಲಿನ ಬಯಲಿನ ಕಡೆ ಓಡುನಡಿಗೆಯಲ್ಲಿ ಹೊರಟೆ.